ಖಾಲಿ ತಟ್ಟೆ

ಹಗ್ಗದ ಪ್ರಶ್ನೆ ಸಾಯುವುದಕ್ಕೆ ಇನ್ನು ಎರಡು ದಿನ ಉಳಿದಿತ್ತು.

ಅಂದು ಮಂಗಳವಾರ. ಹಾಸನದ ಬೈಪಾಸ್ ಪಕ್ಕದ ಗಮನ ಮಾಪನ ಕೇಂದ್ರದಲ್ಲಿ ನನ್ನದು ಬೆಳಗಿನ ಪಾಳಿ. ಐದೂವರೆಗೆ ಬಂದು, ದೀಪ ಹಾಕಿ, ಹಿಂದಿನ ದಿನದ ಅಂಕಿಗಳನ್ನು ಗೋಡೆಯ ಪರದೆಗೆ ಬಿಟ್ಟೆ. ಮೊದಲ ಸಾಲಿನಲ್ಲಿ ಮುದ್ದೆ: ಸಾವಿರಕ್ಕೆ ಆರುನೂರ ಹತ್ತು. ಹದಿನೇಳನೆಯ ಸಾಲಿನಲ್ಲಿ ಹಗ್ಗ: ಸಾವಿರಕ್ಕೆ ಹನ್ನೊಂದು.

ಮುದ್ದೆಯ ವಿಷಯ ಶುರುವಾದದ್ದು ಹಿಂದಿನ ಗುರುವಾರ. ಸಾರಿಗೆ ಮಂತ್ರಿಗಳು ಒಂದು ಸಮುದಾಯ ಭವನವನ್ನು ಉದ್ಘಾಟಿಸುತ್ತ, ಮುದ್ದೆಯನ್ನು ನುಂಗದೆ ಅಗಿಯುವವರು ಈ ಮಣ್ಣಿನ ಮಕ್ಕಳಲ್ಲ, ಅದಕ್ಕೊಂದು ಕಾನೂನು ತರುತ್ತೇವೆ ಎಂದರು. ಶುಕ್ರವಾರ, ತಾವು ಹಾಗೆ ಹೇಳಿಯೇ ಇಲ್ಲ ಎಂದರು. ಶನಿವಾರ, ಹೇಳಿದ್ದು ನಿಜ, ಆದರೆ ಹೇಳಿಸಿದವರು ವಿರೋಧ ಪಕ್ಷದವರು ಎಂದರು. ಭಾನುವಾರ ಟಿ.ವಿ. ಕ್ಯಾಮೆರಾದ ಮುಂದೆ ಕೂತು ಎರಡು ಮುದ್ದೆ ಉಂಡರು. ಅಗಿದರೋ ನುಂಗಿದರೋ ಎಂದು ರಾಜ್ಯ ಇನ್ನೂ ಜಗಳವಾಡುತ್ತಿತ್ತು.

ಹಗ್ಗದ ಪ್ರಶ್ನೆ ಅಷ್ಟು ರುಚಿಯದ್ದಲ್ಲ. ಅದೇ ಮಂತ್ರಿಗಳ ಇಲಾಖೆ ನಡೆಸುವ ಗಿಳಿಗುಡ್ಡದ ರೋಪ್‌ವೇಯ ಉಕ್ಕಿನ ಹಗ್ಗ ಏಕೆ ಹರಿಯಿತು, ಅದು ಸವೆದಿದೆ ಎಂದು ಬರೆದಿದ್ದ ತಪಾಸಣಾ ವರದಿಯನ್ನು ಪಕ್ಕಕ್ಕಿಟ್ಟವರು ಯಾರು? ಇಷ್ಟೇ. ಹನ್ನೊಂದು ತಿಂಗಳ ಹಿಂದೆ ಒಂದು ಬೆಳಿಗ್ಗೆ ಎರಡು ಕ್ಯಾಬಿನ್‌ಗಳು ಕಣಿವೆಗೆ ಬಿದ್ದು ನಲವತ್ತೊಂದು ಜನ ಸತ್ತರು. ಅವರಲ್ಲಿ ಒಬ್ಬ ಲೋಹಿತಾಶ್ವ, ಅಳತೆ-ತೂಕದ ಇಲಾಖೆಯ ಇನ್‌ಸ್ಪೆಕ್ಟರ್. ಮೇಲಿನ ನಿಲ್ದಾಣದ ತೂಕದ ಯಂತ್ರವನ್ನು ಪರೀಕ್ಷಿಸಿ ಮುದ್ರೆ ಹಾಕಲು ಹೋಗುತ್ತಿದ್ದ. ನನ್ನ ಗಂಡ. ನಮ್ಮ ಮದುವೆಯಾಗಿ ಒಂದು ವರ್ಷ ನಾಲ್ಕು ತಿಂಗಳಾಗಿತ್ತು.

ಪ್ರಶ್ನಾ ಕಾಯ್ದೆ ಬಂದಾಗ ಜನ ಪಟಾಕಿ ಹಚ್ಚಿದ್ದರು. ಅದಕ್ಕೆ ಮೊದಲು ಮಂತ್ರಿಗಳು ಯಾವ ಪ್ರಶ್ನೆಗೂ ಉತ್ತರ ಕೊಡಬೇಕಾಗಿರಲಿಲ್ಲ. ಕಾಯ್ದೆ ಹೇಳಿದ್ದು ಸರಳ. ಜನ ಮರೆಯದ ಪ್ರಶ್ನೆಗೆ ಮಂತ್ರಿ ಅಧಿವೇಶನದ ಮೊದಲ ದಿನ ಸದನದಲ್ಲಿ ಎದ್ದುನಿಂತು, ಕಡತವನ್ನು ಮೇಜಿನ ಮೇಲಿಟ್ಟು ಉತ್ತರಿಸಲೇಬೇಕು. ಜನ ಮರೆತರು ಎಂದು ತಿಳಿಯುವುದು ಹೇಗೆ? ಸಾವಿರಕ್ಕೆ ಮೂವತ್ತು ಜನರ ಮನಸ್ಸಿನಲ್ಲೂ ಅದು ಇಲ್ಲದೆ ಏಳು ದಿನ ಒಂದೇ ಸಮನೆ ಕಳೆದರೆ ಮರೆತರು ಎಂದರ್ಥ. ಆಗ ಕಡತ ಮುಚ್ಚುತ್ತದೆ. ಮತ್ತೆ ತೆರೆಯುವಂತಿಲ್ಲ. ಹಗ್ಗಕ್ಕೆ ಅಂದು ಐದನೆಯ ದಿನ. ಅಧಿವೇಶನ ಬರುವ ಸೋಮವಾರ.

ಮನಸ್ಸಿನಲ್ಲಿರುವುದನ್ನು ಅಳೆಯುವುದು ಕಿವಿಯ ಹಿಂದಿನ ಬಿಲ್ಲೆ. ಅಂಗಿಯ ಗುಂಡಿಯಷ್ಟು ಅಗಲ. ಪಡಿತರ ಚೀಟಿಯ ಜೊತೆ ಎಲ್ಲರಿಗೂ ಅಂಟಿಸಿ ಮೂರು ವರ್ಷವಾಯಿತು. ಅದು ಯೋಚನೆಯನ್ನು ಓದುವುದಿಲ್ಲ. ಒಂದು ವಿಷಯದ ಕಡೆ ಮನಸ್ಸು ತಿರುಗಿದಾಗ ಮಿದುಳಿನಲ್ಲಿ ಏಳುವ ಅಲೆಗೆ ಒಂದು ಆಕಾರವಿರುತ್ತದೆ. ಬಿಲ್ಲೆ ಆ ಆಕಾರವನ್ನು ಗುರುತಿಸಿ, ಅಲೆ ಎಷ್ಟು ಎತ್ತರ ಎದ್ದಿತೆಂದು ಬರೆದುಕೊಳ್ಳುತ್ತದೆ. ಎತ್ತರ ಅಳೆಯಬೇಕಾದರೆ ನೆಲ ಎಲ್ಲಿದೆ ಎಂದು ಗೊತ್ತಿರಬೇಕು. ಮನುಷ್ಯರ ನೆಲ ನಿದ್ದೆಗೆ, ಜ್ವರಕ್ಕೆ, ವಯಸ್ಸಿಗೆ ತಕ್ಕಂತೆ ಏರಿಳಿಯುತ್ತದೆ. ಹಾಗಾಗಿ ಬಿಲ್ಲೆ ದಿನವೂ ಹೊಸ ಸೊನ್ನೆ ತೆಗೆದುಕೊಳ್ಳುತ್ತದೆ. ಎದ್ದ ಮೊದಲ ಹತ್ತು ನಿಮಿಷ ಮನಸ್ಸಿನಲ್ಲಿ ಏನಿದೆಯೋ ಅದೇ ಆ ದಿನದ ಸೊನ್ನೆ. ಅದರ ಮೇಲೆ ಎದ್ದದ್ದು ಮಾತ್ರ ಲೆಕ್ಕಕ್ಕೆ.

ಈ ವಿಧಾನ ನನ್ನದು. ಸಂಖ್ಯಾಶಾಸ್ತ್ರದ ನನ್ನ ಸಂಶೋಧನಾ ಪ್ರಬಂಧದ ಮೂರನೆಯ ಅಧ್ಯಾಯದಲ್ಲಿ ಒಂದು ವಾಕ್ಯವಿದೆ: ಎಚ್ಚರಗೊಂಡ ಕ್ಷಣದಲ್ಲಿ ಮನಸ್ಸು ಖಾಲಿಯಿರುತ್ತದೆ ಎಂದು ಭಾವಿಸಬಹುದು. ಅದನ್ನು ಬರೆದಾಗ ನನಗೆ ಇಪ್ಪತ್ತನಾಲ್ಕು ವರ್ಷ. ಯಾರೂ ಸತ್ತಿರಲಿಲ್ಲ. ಆ ಪ್ರಬಂಧ ನೋಡಿಯೇ ನನ್ನನ್ನು ಕೇಂದ್ರದ ಸೊನ್ನೆ ಅಧಿಕಾರಿಯಾಗಿ ತೆಗೆದುಕೊಂಡರು. ಬೆಳಿಗ್ಗೆ ಏಳಕ್ಕೆ ರೇಡಿಯೋದಲ್ಲಿ ಪ್ರಶ್ನೆಗಳ ಪಟ್ಟಿ ಓದುವ ಮೊದಲು ಅದರ ಕೆಳಗೆ 'ಸೊನ್ನೆ ಸರಿಯಿದೆ' ಎಂದು ಕೈಯಲ್ಲಿ ಬರೆದು ಸಹಿ ಹಾಕುವುದು ನನ್ನ ಕೆಲಸ. ಸಹಿಯಿಲ್ಲದ ಪಟ್ಟಿ ಹೊರಗೆ ಹೋಗುವುದಿಲ್ಲ. ಲೋಹಿತ್‌ನ ತಿಥಿ ಮುಗಿಸಿಕೊಂಡು ಬಂದ ಮರುದಿನವೂ ನಾನು ಸಹಿ ಹಾಕಿದ್ದೇನೆ.

ಮಂಗಳವಾರವೂ ಹಾಕಿದೆ.

ಪಟ್ಟಿ ಓದುವವಳು ಜುಬೇದಾ. ಮೈಕಿನ ಮುಂದೆ ಕೂರುವ ಮೊದಲು ನನ್ನ ಸಹಿಯನ್ನು ಬೆರಳಿಟ್ಟು ನೋಡುತ್ತಾಳೆ. ಹಗ್ಗದ ಸಾಲು ಬಂದಾಗ ಅವಳ ದನಿ ಸ್ವಲ್ಪ ತಗ್ಗುತ್ತದೆ. ಅದು ನನ್ನ ಸಲುವಾಗಿ ಎಂದು ನನಗೆ ಗೊತ್ತು. ನಾವು ಆ ಬಗ್ಗೆ ಯಾವತ್ತೂ ಮಾತಾಡಿಲ್ಲ.

ಎಂಟು ಗಂಟೆಗೆ ನಿರ್ದೇಶಕ ಪ್ರಭಾಕರ್ ಬಂದರು. ಕೆಟ್ಟ ಮನುಷ್ಯರಲ್ಲ. ಶವಾಗಾರದಲ್ಲಿ ಗುರುತು ಹಿಡಿಯಲು ನನ್ನ ಬದಲು ಒಳಗೆ ಹೋದವರು ಅವರು. ಮಂತ್ರಿ ಹೇಳುವುದು ಸುಳ್ಳೆಂದು ಚಿಕ್ಕ ಮಕ್ಕಳಿಗೂ ಗೊತ್ತು, ಆದರೂ ಅದು ಹೇಗೆ ನಡೆಯುತ್ತದೆ ಎಂದು ಹಿಂದೊಮ್ಮೆ ಅವರನ್ನು ಕೇಳಿದ್ದೆ. ಅವರು ಕಾಫಿಯ ಲೋಟ ತಿರುಗಿಸುತ್ತ ಹೇಳಿದ್ದರು.

"ನಂಬ್ಲಿ ಅಂತ ಯಾರು ಹೇಳ್ತಾರಮ್ಮ? ನಂಬಿದ್ರೂ ಒಂದೇ, ಬೈದ್ರೂ ಒಂದೇ. ಇದು ಮೇಲೆ ಬಂತಾ, ಮಿಕ್ಕಿದ್ದು ಕೆಳಗೆ ಹೋಯ್ತು. ಅಷ್ಟೇ."

ಕೇಂದ್ರದವರು ಬೇರೆಯವರ ಅಂಕಿಗಳನ್ನು ಬಿಡಿಬಿಡಿಯಾಗಿ ನೋಡುವಂತಿಲ್ಲ. ತಮ್ಮ ಪಡಿತರ ಚೀಟಿಯಲ್ಲಿರುವವರದ್ದು ಮಾತ್ರ ನೋಡಬಹುದು. ಲೋಹಿತ್ ಹೋಗಿ ನಾಲ್ಕು ತಿಂಗಳಾದಾಗ ನಾನು ನನ್ನದನ್ನು ನೋಡಿಕೊಂಡಿದ್ದೆ. ಹಗ್ಗದ ಎದುರು ಸೊನ್ನೆ ಇತ್ತು. ನನಗೆ ಆಶ್ಚರ್ಯವಾಗಲಿಲ್ಲ. ಆಗ ನನಗೆ ಯಾವುದೂ ಆಗುತ್ತಿರಲಿಲ್ಲ. ಒಳಗೆ ಏನೂ ಉಳಿದಿಲ್ಲ ಎಂದು ಯಂತ್ರ ಹೇಳಿತು, ನಾನು ನಂಬಿದೆ. ಅತ್ತೆಯದ್ದೂ ನೋಡಿದೆ. ಅಲ್ಲೂ ಸೊನ್ನೆ. ಅದನ್ನೂ ನಂಬಿದೆ.

ಅತ್ತೆ ಜಯಶೀಲಮ್ಮನಿಗೆ ಲೋಹಿತ್ ಒಬ್ಬನೇ ಮಗ. ಈಗ ಅತ್ತೆಯೂ ನಾನೂ ಸಾಲಗಾಮೆ ರಸ್ತೆಯ ಹಿಂದಿನ ಬಾಡಿಗೆ ಮನೆಯಲ್ಲಿ ಇದ್ದೆವು. ಮೊದಲ ಮೂರು ತಿಂಗಳು ಆಕೆ ಅತ್ತರು. ಆಮೇಲೆ ಟಿ.ವಿ. ಹಚ್ಚಿದರು. ಅದರ ನಂತರ ಮಗನ ಹೆಸರು ಆಕೆಯ ಬಾಯಲ್ಲಿ ಬರಲಿಲ್ಲ. ನಾನು ಮಧ್ಯಾಹ್ನ ಎರಡಕ್ಕೆ ಮನೆ ತಲುಪುವ ಹೊತ್ತಿಗೆ ಮಂತ್ರಿಗಳ ಅಂದಿನ ಮಾತು ಹತ್ತು ಸಲ ಬಂದು ಹೋಗಿರುತ್ತಿತ್ತು, ಅತ್ತೆ ಹತ್ತು ಸಲವೂ ಜಗಳವಾಡಿರುತ್ತಿದ್ದರು.

"ಹಲ್ಲೈತೆ, ಅಗೀತಾರೆ. ನಿಂಗೇನ್ಲಾ ಕಷ್ಟ?" ಎಂದು ಮಂಗಳವಾರ ನಾನು ಚಪ್ಪಲಿ ಬಿಡುವಾಗ ಪರದೆಯ ಮೇಲಿನ ಮಂತ್ರಿಯನ್ನು ಕೇಳುತ್ತಿದ್ದರು.

ತಟ್ಟೆಯಲ್ಲಿ ಅನ್ನ ಬಡಿಸಿ ಮುಚ್ಚಿಟ್ಟಿದ್ದರು. ಮುಚ್ಚಳದ ಮೇಲೆ ಲೋಹಿತ್‌ನ ಇಲಾಖೆಯ ಪೆಟ್ಟಿಗೆಯಿಂದ ತೆಗೆದ ಇನ್ನೂರು ಗ್ರಾಮಿನ ಹಿತ್ತಾಳೆ ತೂಕ ಇತ್ತು, ಬೆಕ್ಕು ಬಾರದಂತೆ. ನಾನು ಊಟ ಮಾಡಿದೆ. ಮುದ್ದೆಯ ಬಗ್ಗೆ ನನ್ನ ಅಭಿಪ್ರಾಯ ಕೇಳಿದರು, ಎರಡೂ ಸರಿ ಎಂದೆ. ನನಗೆ ಆಕೆಯ ಮೇಲೆ ಸಿಟ್ಟಿರಲಿಲ್ಲ. ಆದರೆ ಆ ಮನೆಯಲ್ಲಿ ನಾನೊಬ್ಬಳೇ ಇದ್ದೇನೆ ಎನಿಸುತ್ತಿತ್ತು. ಗೋಡೆಯ ಫೋಟೋಗೆ ಹೂವಿನ ಹಾರ ತಪ್ಪದೆ ಬದಲಾಗುತ್ತಿತ್ತು. ಹೂವಿನವಳಿಗೆ ಯಾರೋ ಮೊದಲೇ ಹೇಳಿಟ್ಟಿರಬೇಕು ಎಂದುಕೊಂಡಿದ್ದೆ.

ಬುಧವಾರ ಹಗ್ಗ ಒಂಬತ್ತಕ್ಕೆ ಇಳಿಯಿತು. ಆರನೆಯ ದಿನ. ಸಹಿ ಹಾಕಿದೆ.

ಅಂದು ಮಧ್ಯಾಹ್ನ ಹಳೆ ಪೇಪರಿನವನು ಬಂದಿದ್ದ. ವರ್ಷದ ಪತ್ರಿಕೆಗಳು ನಡುಮನೆಯ ಮೂಲೆಯಲ್ಲಿ ರಾಶಿ ಬಿದ್ದಿದ್ದವು. ನಾನು ಗೇಟು ತೆಗೆಯುವಾಗ ಅವನು ಎಲೆಕ್ಟ್ರಾನಿಕ್ ತಕ್ಕಡಿಯನ್ನು ಜಗಲಿಯ ಮೇಲಿಟ್ಟು, ಒಂದು ಕಟ್ಟನ್ನು ಅದರ ಮೇಲೆ ಹೇರಿ, ಆಮೇಲೆ ಸ್ವಿಚ್ ಹಾಕಿದ. ಕೆಂಪು ಸೊನ್ನೆ ಮೂಡಿತು. ಎರಡನೆಯ ಕಟ್ಟಿಗೆ ಕೈ ಹಾಕಿದ.

ಅತ್ತೆ ಬಾಗಿಲಲ್ಲೇ ನಿಂತು ತಡೆದರು. "ಅದನ್ನ ಕೆಳಗಿಳ್ಸು. ಮೊದ್ಲು ಖಾಲಿ ತಟ್ಟೆ ತೋರ್ಸು."

ಸೊನ್ನೆ ಕಾಣುತ್ತಿದೆಯಲ್ಲ, ನೋಡಿಕೊಳ್ಳಿ ಎಂದು ಅವನು ನಗುತ್ತ ಹೇಳಿದ.

"ಭಾರ ಮೇಲಿಟ್ಕಂಡು ಸ್ವಿಚ್ ಹಾಕಿದ್ರೆ ಸೊನ್ನೆ ಅಲ್ದೆ ಇನ್ನೇನ್ ತೋರ್ಸ್ತದೆ? ಯಾರ್ಗ್ ಹೇಳ್ತೀಯಪ್ಪ. ಇಂಥ ತಕ್ಕಡಿಗೆ ಮುದ್ರೆ ಹಾಕ್ತಿದ್ದೋನು ನನ್ ಮಗ."

ಅವನು ಕಟ್ಟು ಕೆಳಗಿಳಿಸಿದ. ಯಂತ್ರ ಆರಿಸಿ, ಖಾಲಿ ತಟ್ಟೆಯ ಮೇಲೆ ಮತ್ತೆ ಹಚ್ಚಿ, ಅದೇ ಕಟ್ಟನ್ನು ಇಟ್ಟ. ಈಗ ಅದಕ್ಕೆ ನಾಲ್ಕು ಕಿಲೋ ಚಿಲ್ಲರೆ ತೂಕ ಬಂತು.

ನಾನು ಗೇಟು ಹಿಡಿದುಕೊಂಡೇ ನಿಂತಿದ್ದೆ. ಎಂಟು ತಿಂಗಳಲ್ಲಿ ಆಕೆ ಮಗನ ಮಾತೆತ್ತಿದ್ದು ಅದೇ ಮೊದಲು. ಪೇಪರಿನವನು ಎಲ್ಲವನ್ನೂ ಹೇರಿಕೊಂಡು ಹೋದ. ಒಂದು ಕಟ್ಟನ್ನು ಮಾತ್ರ ಅತ್ತೆ ಕೊಟ್ಟಿರಲಿಲ್ಲ. ಅದಕ್ಕೆ ಆಕೆಯ ಹಳೆಯ ಸೀರೆಯ ಸೆರಗು ಸುತ್ತಿತ್ತು. ಎತ್ತಿಕೊಂಡು ತಮ್ಮ ಕೋಣೆಗೆ ಹೋಗಿ ಮಂಚದ ಕೆಳಗೆ ನೂಕಿದರು. ಮೇಲಿನ ಪತ್ರಿಕೆಯ ತಾರೀಖು ನನಗೆ ಕಂಡಿತು, ಹಗ್ಗ ಹರಿದ ಮರುದಿನದ್ದು. ಹೊರಗೆ ಬಂದು ಟಿ.ವಿ. ಹಚ್ಚಿದರು.

ಗುರುವಾರ ನಾಲ್ಕೂವರೆಗೆ ಎಚ್ಚರವಾಯಿತು. ಅಂದು ಮೊದಲ ಬಾರಿಗೆ ನಾನು ನನ್ನನ್ನು ಗಮನಿಸಿದೆ.

ಕಣ್ಣು ಬಿಡುವ ಮೊದಲೇ ಅದು ಬಂದಿತ್ತು. ಲೋಹಿತ್ ಬಾಗಿಲಲ್ಲಿ ಬೂಟಿನ ದಾರ ಕಟ್ಟುತ್ತಿದ್ದಾನೆ. ತೂಕದ ಪೆಟ್ಟಿಗೆ ಭಾರವೆಂದು ಎಡಕ್ಕೆ ವಾಲಿದ್ದಾನೆ. ನಾನು ಒಲೆಯ ಮುಂದಿನಿಂದ ತಿರುಗದೆ ಹೂಂ ಎನ್ನುತ್ತೇನೆ. ಒಂಬತ್ತು ನಲವತ್ತಕ್ಕೆ ಫೋನ್ ಬರುತ್ತದೆ. ಆಮೇಲೆ ಹಗ್ಗ. ಅದನ್ನು ನಾನು ನೋಡಿಲ್ಲ, ಆದರೂ ಅದರ ಒಂದೊಂದೇ ಎಳೆ ಬಿಚ್ಚುವುದು ಕಾಣುತ್ತದೆ. ಯಾರಿಗೆ ಗೊತ್ತಿತ್ತು, ಯಾರು ಸುಮ್ಮನಿದ್ದರು? ಹನ್ನೊಂದು ತಿಂಗಳಿಂದ ಪ್ರತಿ ಬೆಳಿಗ್ಗೆ ಇದೇ. ಹಲ್ಲುಜ್ಜುವ ಹೊತ್ತಿಗೆ ಅದು ಇಳಿಯುತ್ತಿರಲಿಲ್ಲ. ಅದರ ಮೇಲೆ ದಿನ ಶುರುವಾಗುತ್ತಿತ್ತು, ಅಷ್ಟೇ.

ಬಿಲ್ಲೆ ಅದನ್ನೇ ಸೊನ್ನೆ ಎಂದು ತೆಗೆದುಕೊಳ್ಳುತ್ತಿತ್ತು.

ಎದ್ದು ಹೊರಟೆ. ಅತ್ತೆಯ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಆಕೆ ಆಗಲೇ ಎದ್ದು, ಮಂಚದ ಅಂಚಿನಲ್ಲಿ, ನನಗೆ ಬೆನ್ನು ಮಾಡಿ ಕೂತಿದ್ದರು. ಏನೂ ಮಾಡುತ್ತಿರಲಿಲ್ಲ. ನಾನು ಒಳಗೆ ಹೋಗಲಿಲ್ಲ. ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಹೊರಗೆ ಬಂದು ಮೆಟ್ಟಿಲ ಮೇಲೆ ಹಾಕಿಕೊಂಡೆ.

ಕೇಂದ್ರದ ಹಳೆಯ ದಾಖಲೆಯಲ್ಲಿ ಪ್ರತಿಯೊಬ್ಬರ ಮೊದಲ ಸೊನ್ನೆ ಇದೆ. ಬಿಲ್ಲೆ ಅಂಟಿಸಿದ ದಿನ ತೆಗೆದದ್ದು. ಹಗ್ಗ ಹರಿಯುವುದಕ್ಕೆ ಎರಡು ವರ್ಷ ಮೊದಲಿನದ್ದು. ಅದನ್ನು ತೆರೆದೆ. ದಿನದ ಸೊನ್ನೆಯನ್ನು ತೆಗೆದುಹಾಕಿ, ಆ ಮೊದಲ ಸೊನ್ನೆಯಿಂದ ಎಣಿಸುವಂತೆ ನಾಲ್ಕು ಸಾಲು ತಿದ್ದಿದೆ. ಯಂತ್ರ ಹತ್ತು ನಿಮಿಷ ತೆಗೆದುಕೊಂಡಿತು. ಸತ್ತವರ ಮನೆಯವರು ಹಗ್ಗದ ಸಾಲಿಗೆ ಬಂದು ಸೇರಬಹುದು ಎಂದುಕೊಂಡೆ. ಎಷ್ಟಾದರೂ ಕೆಲವು ನೂರು ಜನ. ಇಡೀ ರಾಜ್ಯದ ಲೆಕ್ಕದಲ್ಲಿ ಅದು ಕಾಣುವುದೂ ಇಲ್ಲ.

ಹಗ್ಗ: ಸಾವಿರಕ್ಕೆ ನಾನೂರ ಎಂಟು.

ತಪ್ಪು ಮಾಡಿದೆ ಎಂದುಕೊಂಡು ಇನ್ನೊಮ್ಮೆ ಓಡಿಸಿದೆ. ಅದೇ ಬಂತು. ಹಿಂದಿನ ತಿಂಗಳುಗಳನ್ನು ನೋಡಿದೆ. ಗೆರೆ ಮೊದಲ ವಾರದಲ್ಲಿ ಸ್ವಲ್ಪ ಇಳಿದು, ಆಮೇಲೆ ಹನ್ನೊಂದು ತಿಂಗಳೂ ನೆಟ್ಟಗೆ ಇತ್ತು. ಮಂತ್ರಿಗಳ ಯಾವ ಮಾತೂ ಅದನ್ನು ಕದಲಿಸಿರಲಿಲ್ಲ. ಅವರ ಮಾತು ದಿನವೂ ಹೊಸದು, ಸೊನ್ನೆಯ ಮೇಲೆ ಏಳುತ್ತದೆ, ಆದ್ದರಿಂದ ಕಾಣುತ್ತದೆ. ಇದು ಹೋಗದೆ ಉಳಿದದ್ದು, ಆದ್ದರಿಂದ ಕಾಣಲಿಲ್ಲ. ಸಾವಿರಕ್ಕೆ ನಾನೂರು ಜನ ಬೆಳಿಗ್ಗೆ ಏಳುವಾಗ ಒಂದು ಹಗ್ಗವನ್ನು ನೆನೆದು ಏಳುತ್ತಿದ್ದರು. ಮಕ್ಕಳನ್ನು ಬಸ್ಸಿಗೆ ಹತ್ತಿಸುವವರು, ಲಿಫ್ಟಿನಲ್ಲಿ ಇಳಿಯುವವರು. ಎದ್ದ ಮೇಲೆ ಮುದ್ದೆಯ ಬಗ್ಗೆ ಜಗಳವಾಡುತ್ತಿದ್ದರು. ಏಳಕ್ಕೆ ರೇಡಿಯೋ ಕೇಳಿ, ಉಳಿದವರೆಲ್ಲ ಮರೆತರು, ತಮಗೊಬ್ಬರಿಗೇ ಇನ್ನೂ ಇದೆ ಎಂದುಕೊಳ್ಳುತ್ತಿದ್ದರು. ಆ ಪಟ್ಟಿಗೆ ಸಹಿ ಹಾಕುತ್ತಿದ್ದವಳು ನಾನು.

ಮುಚ್ಚಿದ ಅರವತ್ತೇಳು ಪ್ರಶ್ನೆಗಳನ್ನೂ ಓಡಿಸಿದೆ. ಒಂದೂ ಮೂವತ್ತರ ಕೆಳಗೆ ಹೋಗಿರಲಿಲ್ಲ.

ಕೊನೆಗೆ ನಮ್ಮ ಪಡಿತರ ಚೀಟಿಯನ್ನು ತೆರೆದೆ. ನನ್ನ ಅಲೆ ಎತ್ತರವಿತ್ತು. ಅತ್ತೆಯದು ನನ್ನದಕ್ಕಿಂತ ಎತ್ತರವಿತ್ತು. ಟಿ.ವಿ.ಯ ಮುಂದೆ ಕೂತ ಹೊತ್ತಿನಲ್ಲೂ ಅದು ಕೆಳಗಿಳಿದಿರಲಿಲ್ಲ.

ಆರೂವರೆಗೆ ಪ್ರಭಾಕರ್ ಬಂದರು. ಏಳನೆಯ ದಿನ ಕಡತ ಮುಚ್ಚಲು ಅವರ ಮುದ್ರೆ ಬೇಕು, ಅದಕ್ಕೆ ಬೇಗ ಬಂದಿದ್ದರು. ಮುದ್ರೆಯನ್ನು ಮೇಜಿನ ಮೇಲಿಟ್ಟು ಪರದೆ ನೋಡಿದರು. ನಾನು ವಿಷಯ ಹೇಳಿದೆ.

"ಶಾಲೆ ಚಾವಣಿದು ಎಷ್ಟಿದೆ?" ಎಂದು ಕೇಳಿದರು. ಅದು ಕುಸಿದ ಚಾವಣಿಯ ಬಗ್ಗೆ ಎರಡು ವರ್ಷದ ಹಿಂದೆ ಅವರೇ ಮುಚ್ಚಿದ ಪ್ರಶ್ನೆ.

ಇನ್ನೂರ ಎಪ್ಪತ್ತು ಎಂದೆ.

ಅವರು ಕುರ್ಚಿ ಎಳೆದುಕೊಂಡು ಕೂತರು. ಅದು ತಮ್ಮ ಮನಸ್ಸಿನಿಂದಲೂ ಹೋಗಿಲ್ಲ ಎಂದು ಹೇಳಲಿಲ್ಲ, ಆದರೆ ಕೈ ತಾನಾಗಿ ಕಿವಿಯ ಹಿಂದಕ್ಕೆ ಹೋಯಿತು. ಆಮೇಲೆ ಕಚೇರಿಯ ದನಿಯಲ್ಲಿ ಮಾತಾಡಿದರು. ವಿಧಾನ ಬದಲಿಸಲು ಸಮಿತಿ ಒಪ್ಪಬೇಕು. ಈವತ್ತು ಹಳೆಯದಕ್ಕೆ ಸಹಿ ಹಾಕು, ನಾಳೆಯೇ ಇಬ್ಬರೂ ಸೇರಿ ಬರೆಯೋಣ ಎಂದರು.

"ಇವತ್ತು ಏಳನೇ ದಿನ ಸರ್."

"ಗೊತ್ತಮ್ಮ. ನೀನು ಹಾಕ್ಲಿಲ್ಲ ಅಂದ್ರೆ ನಾಳೆ ಆ ಕುರ್ಚೀಲಿ ಇನ್ನೊಬ್ರು ಕೂತು ಹಾಕ್ತಾರೆ. ನಿಂಗೆ ಇರೋದು ಇದೊಂದು ಕೆಲಸ ಭಾರ್ಗವಿ."

ನಾಳೆ ಹಾಕಲಿ ಎಂದೆ. ಸೊನ್ನೆ ತಪ್ಪಿದ್ದು ಕಂಡರೆ ಅದೇ ಕ್ಷಣ ತಿದ್ದಿ, ತಪ್ಪಿದೆ ಎಂದು ಬರೆಯುವುದು ಸೊನ್ನೆ ಅಧಿಕಾರಿಯ ಕರ್ತವ್ಯ. ಆ ನಿಯಮವನ್ನು ಬರೆದವಳೂ ನಾನೇ. ಆಗ ಅದು ಎಂದೂ ಬೇಕಾಗುವುದಿಲ್ಲ ಎಂದುಕೊಂಡಿದ್ದೆ.

ಪಟ್ಟಿಯ ಕೆಳಗೆ ಬರೆದೆ: ಇಷ್ಟು ದಿನದ ಸೊನ್ನೆ ತಪ್ಪಾಗಿತ್ತು. ಭಾರ ಇಟ್ಟುಕೊಂಡು ಸೊನ್ನೆ ತೆಗೆಯುತ್ತಿದ್ದೆವು. ತಪ್ಪು ನನ್ನದು. ತಿದ್ದಿದ್ದೇನೆ. ಸಹಿ ಹಾಕಿದೆ.

ಪ್ರಭಾಕರ್ ನನ್ನ ಕೈ ತಡೆಯಲಿಲ್ಲ. 'ಆಗಲಿ' ಎಂದೂ ಹೇಳಲಿಲ್ಲ. ಮುಚ್ಚಲು ಏನೂ ಇರಲಿಲ್ಲವಾದ್ದರಿಂದ ಮುದ್ರೆಯನ್ನು ಎತ್ತಿ ಡ್ರಾಯರಿನೊಳಗೆ ಇಟ್ಟರು.

ಜುಬೇದಾ ಸಹಿಯ ಮೇಲೆ ಬೆರಳಿಟ್ಟು, ಅದರ ಮೇಲಿನ ನಾಲ್ಕು ವಾಕ್ಯಗಳನ್ನು ಓದಿ, ನನ್ನನ್ನು ನೋಡಿದಳು. ಮೈಕಿನ ಮುಂದೆ ಕೂತಳು. ಮುದ್ದೆ ಆರುನೂರ ಎರಡು. ಹಗ್ಗ ನಾನೂರ ಎಂಟು. ಈ ಸಲ ಅವಳ ದನಿ ತಗ್ಗಲಿಲ್ಲ. ಆಮೇಲೆ ಯಾರೂ ಹೇಳದೆಯೇ ನನ್ನ ನಾಲ್ಕು ವಾಕ್ಯಗಳನ್ನೂ ಓದಿದಳು.

ಹತ್ತು ಗಂಟೆಗೆ ಮಂತ್ರಿಗಳು ಅಂಕಿ ಸುಳ್ಳು ಎಂದರು. ಹನ್ನೊಂದಕ್ಕೆ, ಗಿಳಿಗುಡ್ಡದಲ್ಲಿ ಬಿದ್ದದ್ದು ಎರಡಲ್ಲ, ಒಂದೇ ಕ್ಯಾಬಿನ್ ಎಂದರು. ಹನ್ನೆರಡಕ್ಕೆ, ಸಹಿ ಹಾಕಿದ ಹೆಂಗಸು ಗಂಡ ಸತ್ತ ಮೇಲೆ ತಲೆ ಕೆಟ್ಟವಳು ಎಂದರು. ಒಂದು ಗಂಟೆಗೆ, ರಾಜ್ಯದ ಎಲ್ಲ ನವಿಲುಗಳನ್ನೂ ನೆರೆರಾಜ್ಯದವರು ಎಣಿಸಿಕೊಂಡು ಹೋಗುತ್ತಿದ್ದಾರೆ ಎಂದರು. ಅಷ್ಟರಲ್ಲಿ ನನ್ನ ಅಮಾನತಿನ ಆದೇಶ ಬಂದಿತ್ತು. ಪ್ರಭಾಕರ್ ಅದನ್ನು ಕಿಟಕಿಯ ಕಡೆ ನೋಡುತ್ತ ಓದಿ ಹೇಳಿದರು. ನಾನು ಕೋಣೆಯ ಬೀಗದಕೈ ಕೊಟ್ಟೆ.

ನಾಳೆ ಅವರು ಹಳೆಯ ಸೊನ್ನೆಯನ್ನೇ ಮತ್ತೆ ತರಬಹುದು. ತಂದರೂ ಎಣಿಕೆ ಒಂದರಿಂದ ಶುರುವಾಗಬೇಕು. ಸೋಮವಾರಕ್ಕೆ ನಾಲ್ಕೇ ದಿನ. ಹಗ್ಗ ಅಷ್ಟರಲ್ಲಿ ಸಾಯಲಾರದು. ಮಂತ್ರಿಗಳು ಎದ್ದುನಿಲ್ಲಬೇಕು, ಕಡತ ಮೇಜಿನ ಮೇಲೆ ಬರಬೇಕು. ಅವರು ಹೇಳುವುದು ಸುಳ್ಳೇ ಇರಬಹುದು. ಕಡತದಲ್ಲಿ ಬರೆದದ್ದು ಇರುತ್ತದೆ.

ಮನೆಗೆ ಹೋಗುವ ಸಿಟಿ ಬಸ್ಸಿನಲ್ಲಿ ರೇಡಿಯೋ ಮತ್ತೆ ಪಟ್ಟಿ ಓದಿತು. ಟಿಕೆಟ್ ಕೊಡುತ್ತಿದ್ದ ಕಂಡಕ್ಟರ್ ಕೈ ನಿಂತಿತು. ಮುಂದಿನ ಸೀಟಿನ ಹೆಂಗಸು ಪಕ್ಕದವಳನ್ನು ತಿರುಗಿ ನೋಡಿದಳು, ಅವಳು ಕಿಟಕಿಯ ಆಚೆ ನೋಡಿದಳು. ಬಸ್ಸು ನಿಂತಿತು, ಇಳಿದೆ.

ಅತ್ತೆ ಟಿ.ವಿ. ಆರಿಸಿ ಕೂತಿದ್ದರು. ಕೇಳಿಸಿಕೊಂಡಿದ್ದರು ಎಂದು ಗೊತ್ತಾಯಿತು. ಅನ್ನ ಬಡಿಸಿದರು. ಅಂದು ನವಿಲಿನ ಮಾತು ಬರಲಿಲ್ಲ.

ಶುಕ್ರವಾರ ನನಗೆ ಪಾಳಿ ಇರಲಿಲ್ಲ. ಆದರೂ ನಾಲ್ಕೂವರೆಗೆ ಎಚ್ಚರವಾಯಿತು. ಬೂಟಿನ ದಾರ, ಪೆಟ್ಟಿಗೆ, ಹೂಂ. ನಾನು ಎದ್ದು ಅತ್ತೆಯ ಕೋಣೆಗೆ ಹೋದೆ. ಆಕೆ ಮಂಚದ ಅಂಚಿನಲ್ಲಿ ಕೂತಿದ್ದರು. ಹೆಜ್ಜೆಯ ಸದ್ದಿಗೆ ತಿರುಗಲಿಲ್ಲ, ಸ್ವಲ್ಪ ಸರಿದು ಜಾಗ ಕೊಟ್ಟರು. ಪಕ್ಕದಲ್ಲಿ ಕೂತೆ.

"ನಿಂಗೂ ಎದ್ದ ತಕ್ಷಣಾನಾ?" ಎಂದರು.

ಹೂಂ ಎಂದೆ. ಈ ಸಲ ಅವರ ಕಡೆ ತಿರುಗಿ ಹೇಳಿದೆ.

ಲೋಹಿತ್ ಮೂರು ವರ್ಷದವನಿದ್ದಾಗ ಅಂಗಡಿಯ ತಕ್ಕಡಿಯಲ್ಲಿ ಹತ್ತಿ ಕೂತು ಇಳಿಯಲಾರೆ ಎಂದು ಹಟ ಮಾಡಿದ್ದನ್ನು ಅತ್ತೆ ಹೇಳತೊಡಗಿದರು. ನಾನು ಅದನ್ನು ಕೇಳಿರಲಿಲ್ಲ. ಹತ್ತು ನಿಮಿಷ ದಾಟಿತು. ಅಂದಿನ ಸೊನ್ನೆ ಎಷ್ಟಾಯಿತೋ ನನಗೆ ಗೊತ್ತಿಲ್ಲ.